ಮಧುಮೇಹಿಯ ಮನೆವಾರ್ತೆ

ಕೆಲವು ವ್ಯಾಧಿಗಳು ಕದವನ್ನು ತಟ್ಟಿಯೇ ಮನೆಯನ್ನು ಹೊಗುವುವು. ಜ್ವರವು ಮೈಯನ್ನು ಸುಡುವುದು. ಶೂಲೆಯು ರೋಗಿಯನ್ನು ಕೂಗಿಸುವುದು. ಮನೆಮಂದಿಯೆಲ್ಲರೂ ಎಚ್ಚತ್ತು ವೈದ್ಯರಲ್ಲಿಗೆ ಧಾವಿಸುವರು. ಮಧುಮೇಹದ ರೀತಿ ಬೇರೆ. ಅದು ಸದ್ದಿಲ್ಲದೆ ಒಳಬಂದು, ಅನೇಕ ವರ್ಷಗಳ ಕಾಲ ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರಗಳು ಇವುಗಳಿಗೆ ಕೇಡನ್ನುಂಟುಮಾಡಿದ ಮೇಲೆಯೇ ಎಷ್ಟೋ ಮಂದಿಗೆ ತನ್ನ ಹೆಸರನ್ನು ಹೇಳುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಈ ರೋಗವುಳ್ಳವರು ಸುಮಾರು 10 ಕೋಟಿ 10 ಲಕ್ಷ ಮಂದಿ. ರೋಗದ ಹೊಸ್ತಿಲಲ್ಲಿ ನಿಂತಿರುವವರು 13 ಕೋಟಿ 60 ಲಕ್ಷ. ಆದುದರಿಂದ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅನೇಕವು ಈ ಅತಿಥಿಯನ್ನು ಬಲ್ಲ ಮನೆಗಳೇ ಆಗಿರಬೇಕು. ನಮ್ಮ ಮನೆಯೂ ಅವುಗಳಲ್ಲಿ ಒಂದು. ನಾವು ವೈದ್ಯರಲ್ಲ, ಹುಡುಗರಿಗೆ ಸಂಸ್ಕೃತವನ್ನು ಕಲಿಸಿ ನಿವೃತ್ತರಾದ ಉಪಾಧ್ಯಾಯರು. ನಮಗೆ ಅನುಭವದಿಂದ ತಿಳಿದುದನ್ನು ಮಾತ್ರ ಇಲ್ಲಿ ಬಿನ್ನವಿಸುವೆವು.

ನಿವೃತ್ತರಾದ ಮರುವರ್ಷ ನಮಗೆ ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗತೊಡಗಿತು. ಹಾಸಿಗೆಯ ಬಳಿಯ ತಂಬಿಗೆಯ ನೀರು ಬೆಳಗಾಗುವುದರೊಳಗೆ ಬರಿದಾಗುತ್ತಿತ್ತು. ಮೈ ಇಳಿಯಿತು, ಕಂಡವರು “ಮೇಷ್ಟ್ರು ಹಗುರವಾಗಿದ್ದಾರೆ” ಎಂದರೆ ಅದನ್ನು ಪ್ರಶಂಸೆಯೆಂದೇ ಭಾವಿಸಿದೆವು. ಕಡೆಗೆ ಕಣ್ಣು ಮಂಜಾಗಿ ಸಣ್ಣಕ್ಷರಗಳು ಕೂಡಿಕೊಂಡಂತೆ ಕಾಣಲು, ವೈದ್ಯರಲ್ಲಿಗೆ ಹೋದೆವು. ರಕ್ತಪರೀಕ್ಷೆಯಾಯಿತು. ಬರಿಯ ಹೊಟ್ಟೆಯಲ್ಲಿ 196, ಊಟದ ಎರಡು ಗಂಟೆಯ ತರುವಾಯ 310. ಬರಿಯ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಮಧುಮೇಹವೆಂದು ಎಣಿಕೆ. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 6.5 ರೋಗದ ಮೇರೆಯಾದರೆ, ನಮ್ಮದು 9.4 ಆಗಿದ್ದಿತು.

ಆಮೇಲೆ ನಾವು ಮಾಡಿದ ಕೆಲಸವನ್ನು ಹೇಳಲು ಈಗಲೂ ಲಜ್ಜೆಯಾಗುವುದು. 35 ವರ್ಷ ಹುಡುಗರಿಗೆ ಇಂದ್ರಿಯನಿಗ್ರಹವನ್ನು ಬೋಧಿಸಿದವರಿಗೆ ನಾಲಗೆಯ ಚಾಪಲ್ಯದಿಂದ ರೋಗ ಬಂದಿತೆಂದು ಜನರು ನಗುವರಲ್ಲವೇ ಎಂಬ ಶಂಕೆಯಿಂದ, ಆ ಚೀಟಿಯನ್ನು ಅಮರಕೋಶದ ಪುಟಗಳ ನಡುವೆ ಸೇರಿಸಿ ಕಪಾಟಿನಲ್ಲಿಟ್ಟೆವು. ಮಾತ್ರೆಗಳನ್ನು ಯಾರೂ ಕಾಣದಂತೆ ನುಂಗಿ, ಕಾಫಿಯನ್ನು ಮೊದಲಿನಂತೆಯೇ ಕುಡಿಯುತ್ತಿದ್ದೆವು. ಮೂರು ವಾರ ಕಳೆಯಿತು. ನವರಾತ್ರಿ ಬಂದಿತು. ಸರಸ್ವತೀಪೂಜೆಗೆಂದು ನಮ್ಮ ಮನೆಯವರು ಪುಸ್ತಕಗಳನ್ನು ಇಳಿಸಿ ಧೂಳು ಒರೆಸುತ್ತಿರಲು, ಚೀಟಿಯು ಕೆಳಗೆ ಬಿದ್ದಿತು. ಅವರು ಅದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದರು. ಅನಂತರ, “ನಿಮಗೆ ಕಾಯಿಲೆ ಬಂತು ಅನ್ನುವುದಕ್ಕಿಂತ, ಈ ಮೂರು ವಾರ ನನ್ನ ಕೈಯಾರೆ ನಿಮಗೆ ಸಕ್ಕರೆ ಬೆರೆಸಿ ಕೊಟ್ಟೆನಲ್ಲ, ಅದೇ ನನಗೆ ಹೆಚ್ಚಿನ ಸಂಕಟ” ಎಂದರು. ರೋಗಕ್ಕಿಂತ ಅದರ ಗೋಪನವೇ ದೊಡ್ಡ ಅಪರಾಧವೆಂಬುದು ನಮಗೆ ಆಗ ಬೋಧೆಯಾಯಿತು.

ಈ ರೋಗವು ನಮ್ಮ ಪೂರ್ವಿಕರಿಗೆ ಅಪರಿಚಿತವಾದುದಲ್ಲ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಲಕ್ಷಣವಾಗಿ ಹೇಳಿರುವುದು. ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳು ಇವು ಪ್ರಮೇಹಕ್ಕೆ ಕಾರಣವೆಂದು ಅದೇ ಗ್ರಂಥದ ಅಭಿಪ್ರಾಯ. ಸುಶ್ರುತನು ಹುಟ್ಟಿನಿಂದ ಬಂದದ್ದೊಂದು, ಅಪಥ್ಯದಿಂದ ಬಂದದ್ದೊಂದು ಎಂದು ಎರಡು ಬಗೆಗಳನ್ನು ಎಣಿಸಿರುವನು. ಇಂದಿನ ವೈದ್ಯರೂ ಮುಖ್ಯವಾಗಿ ಎರಡು ಬಗೆಗಳನ್ನು ಹೇಳುವರು, ಆದರೆ ಕಾರಣವನ್ನು ಹೆಚ್ಚು ಸ್ಪಷ್ಟವಾಗಿ ಬಲ್ಲರು. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ರಸವು ರಕ್ತದ ಸಕ್ಕರೆಯನ್ನು ಅಂಗಾಂಗಗಳಿಗೆ ಸೇರಿಸತಕ್ಕದ್ದು. ಮೊದಲನೆಯ ಬಗೆಯಲ್ಲಿ ಆ ರಸವು ಬತ್ತಿಹೋಗುವುದು; ಅದು ಪ್ರಾಯಶಃ ಎಳೆಯರಲ್ಲಿ ಕಾಣತಕ್ಕದ್ದು. ಎರಡನೆಯ ಬಗೆಯಲ್ಲಿ ರಸವಿದ್ದರೂ ದೇಹವು ಅದರ ಮಾತನ್ನು ಕೇಳದೆ ಹೋಗುವುದು. ನಮ್ಮಂತಹ ವಯಸ್ಕರಲ್ಲಿ ಬಹುಮಂದಿಯದು ಇದೇ. ಇದರಲ್ಲಿ ವಂಶದ ಪಾಲೂ ಉಂಟು, ನಡತೆಯ ಪಾಲೂ ಉಂಟು. ಆದುದರಿಂದ ರೋಗಿಯನ್ನು ದೂಷಿಸುವುದು ನ್ಯಾಯವಲ್ಲ.

1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಅದನ್ನು ಮೊಟ್ಟಮೊದಲು ಚುಚ್ಚಲಾಯಿತು. ಅದಕ್ಕೆ ಹಿಂದೆ ಮೊದಲನೆಯ ಬಗೆಯ ರೋಗ ತಗುಲಿದ ಮಕ್ಕಳು ಸೊರಗಿ ಸಾಯುವುದನ್ನು ತಾಯಂದಿರು ನೋಡುತ್ತಿರಬೇಕಾಗಿತ್ತು. ಅಂತಹ ಮಕ್ಕಳಿಗೆ ಇನ್ಸುಲಿನ್ನೇ ಪ್ರಾಣ; ಪಥ್ಯದಿಂದಲೋ ಬೇರುನಾರಿನಿಂದಲೋ ಅದನ್ನು ಬಿಡಿಸುವೆವೆನ್ನುವವರ ಮಾತಿಗೆ ಯಾರೂ ಕಿವಿಗೊಡತಕ್ಕದ್ದಲ್ಲ. ನಮ್ಮಂತಹವರಿಗೂ ವೈದ್ಯರು ಕೊಟ್ಟ ಮಾತ್ರೆಯು ಬೇಕಾದುದೇ. ಪಥ್ಯವೂ ನಡಿಗೆಯೂ ಅದರ ಸಹೋದರರೇ ಹೊರತು ಶತ್ರುಗಳಲ್ಲ.

ಇನ್ನು ಅಡಿಗೆಯ ಮನೆಯ ವಿಚಾರ. ಮೊದಲು ನಮ್ಮ ಊಟದ ಕ್ರಮವೇನೆಂದರೆ, ಹುಳಿಗೆ ಒಮ್ಮೆ, ಸಾರಿಗೆ ಒಮ್ಮೆ, ಮೊಸರಿಗೆ ಒಮ್ಮೆ, ಹೀಗೆ ಮೂರಾವೃತ್ತಿ ಅನ್ನ. ಪಲ್ಯವು ಎಲೆಯ ತುದಿಯಲ್ಲಿ ಅಲಂಕಾರಕ್ಕೆ ಮಾತ್ರ. ನಮ್ಮ ಮನೆಯವರು ಇದನ್ನು ತಲೆಕೆಳಗು ಮಾಡಿದರು. ಈಗ ತಟ್ಟೆಯ ಅರ್ಧಭಾಗ ಸೊಪ್ಪು, ಪಲ್ಯ, ಕೋಸಂಬರಿ. ಕಾಲುಭಾಗ ಬೇಳೆ ಅಥವಾ ಮೊಳಕೆಯ ಕಾಳು. ಉಳಿದ ಕಾಲುಭಾಗ ಮಾತ್ರ ಅನ್ನ, ಚಪಾತಿ, ಅಥವಾ ಮುದ್ದೆ, ಈ ಮೂರರಲ್ಲಿ ಯಾವುದಾದರೂ ಒಂದು. ಅನ್ನವನ್ನು ಒಂದು ಬಟ್ಟಲಿನಲ್ಲಿ ಅಳೆದು ಒಮ್ಮೆಯೇ ಬಡಿಸುವರು. ಸಾರನ್ನೂ ಮಜ್ಜಿಗೆಯನ್ನೂ ಲೋಟದಲ್ಲಿ ಕುಡಿಯುವೆವು. ಮೊದಲು ಕೋಸಂಬರಿಯನ್ನೂ ಪಲ್ಯವನ್ನೂ ತಿಂದು ಕಡೆಗೆ ಅನ್ನವನ್ನುಂಡರೆ ಸಕ್ಕರೆಯು ಅಷ್ಟು ಬೇಗ ಏರದೆಂಬುದು ಪರೀಕ್ಷೆಗಳಿಂದ ತಿಳಿದಿರುವ ಸಂಗತಿ. ನಮ್ಮ ಬೆರಳಿನ ರಕ್ತವೂ ಅದಕ್ಕೆ ಸಾಕ್ಷಿ.

ಇಲ್ಲಿ ಕೆಲವು ಭ್ರಾಂತಿಗಳನ್ನು ಹೇಳಬೇಕು. ಬೆಲ್ಲವು ಸಕ್ಕರೆಯಲ್ಲವೆಂದು ನಂಬಿ ಕಾಫಿಗೆ ಬೆಲ್ಲವನ್ನು ಹಾಕಿಕೊಳ್ಳುವವರುಂಟು. ರಕ್ತಕ್ಕೆ ಸಕ್ಕರೆ, ಬೆಲ್ಲ, ಜೇನುಗಳಲ್ಲಿ ಹೆಚ್ಚಿನ ಭೇದವಿಲ್ಲ. ರಾಗಿಯಲ್ಲಿ ನಯವಾಗಿ ತೀಡಿದ ಅಕ್ಕಿಗಿಂತ ನಾರೂ ಸುಣ್ಣದಂಶವೂ ಬಹಳ ಹೆಚ್ಚು, ನಿಜ. ಆದರೆ ಪಿಷ್ಟವೂ ತುಂಬ ಉಂಟು. ಆದುದರಿಂದ ರಾಗಿಯೆಂದು ಎರಡು ದೊಡ್ಡ ಮುದ್ದೆಗಳನ್ನು ನುಂಗಿದರೆ, ಅಥವಾ ನುಣ್ಣನೆಯ ಹಿಟ್ಟಿನ ಗಂಜಿಯನ್ನು ಕುಡಿದರೆ, ಪ್ರಯೋಜನವು ಕೈತಪ್ಪುವುದು. ಹಣ್ಣನ್ನು ತಿನ್ನಬಹುದು, ಮಿತವಾಗಿ, ಸೀಬೆಯಂತಹುದನ್ನು. ಹಿಂಡಿದ ರಸವು ಬೇಡ. ಏಕಾದಶಿಯ ಉಪವಾಸವಿರುವವರು, ಅದರಲ್ಲಿಯೂ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ವೈದ್ಯರನ್ನು ಕೇಳದೆ ಉಪವಾಸ ಮಾಡತಕ್ಕದ್ದಲ್ಲ. ಉಪವಾಸದ ಹೆಸರಿನಲ್ಲಿ ಅವಲಕ್ಕಿ, ಸಬ್ಬಕ್ಕಿಗಳನ್ನು ಹೊಟ್ಟೆತುಂಬ ತಿನ್ನುವುದೂ ಪಥ್ಯವಾಗದು.

ಗೃಹಿಣಿಯರಲ್ಲಿ ನಮ್ಮ ಮುಖ್ಯವಾದ ವಿಜ್ಞಾಪನೆಯೊಂದುಂಟು. ರೋಗಿಗೊಂದು ಅಡಿಗೆ, ಮನೆಗೊಂದು ಅಡಿಗೆ ಎಂದು ಮಾಡಬೇಡಿರಿ. ನಮ್ಮ ಮನೆಯವರು ಮೊದಲ ವಾರ ಹಾಗೆ ಮಾಡಿದರು. ಮಗನೂ ಸೊಸೆಯೂ ಮೊಮ್ಮಗುವೂ ಉಪ್ಪಿಟ್ಟು ಕೇಸರಿಬಾತುಗಳನ್ನು ತಿನ್ನುತ್ತಿರಲು, ನಾವು ಮೂಲೆಯಲ್ಲಿ ಮೊಳಕೆಕಾಳಿನ ಬಟ್ಟಲನ್ನು ಹಿಡಿದು ಕುಳಿತರೆ, ಪಂಕ್ತಿಬಾಹ್ಯರಾದಂತೆ ತೋರುತ್ತಿತ್ತು. ಅಡಿಗೆಯ ಮನೆಯ ಡಬ್ಬಕ್ಕೆ ಕಳ್ಳತನದಿಂದ ಕೈಹಾಕುವ ಬುದ್ಧಿಯೂ ಹುಟ್ಟುತ್ತಿತ್ತು. ಎಲ್ಲರಿಗೂ ಒಂದೇ ಅಡಿಗೆಯಾದ ಮೇಲೆ ಆ ಬಾಧೆ ತಪ್ಪಿತು. ಇದು ರೋಗಿಗಾಗಿ ಮಾಡುವ ತ್ಯಾಗವೂ ಅಲ್ಲ. ತಂದೆತಾಯಿಗಳಿಗೆ ಈ ರೋಗವಿದ್ದರೆ ಮಕ್ಕಳಿಗೂ ಭಯವುಂಟು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ರೋಗದ ಹೊಸ್ತಿಲಲ್ಲಿದ್ದವರು ಆಹಾರವನ್ನೂ ನಡಿಗೆಯನ್ನೂ ತಿದ್ದಿಕೊಂಡುದರಿಂದ ಮೂರು ವರ್ಷಗಳಲ್ಲಿ ರೋಗಕ್ಕೀಡಾಗುವ ಸಂಭವವು ಶೇಕಡ 28ರಷ್ಟು ತಗ್ಗಿತು. ಆದುದರಿಂದ ಅಜ್ಜನ ಪಥ್ಯವು ಮಗನಿಗೂ ಮೊಮ್ಮಗುವಿಗೂ ರಕ್ಷೆ.

ವ್ಯಾಯಾಮದ ವಿಷಯದಲ್ಲಿ ಸುಶ್ರುತನ ಉಪದೇಶವು ಸ್ವಾರಸ್ಯವಾದುದು. ಧನವಿಲ್ಲದ, ಬಂಧುಗಳಿಲ್ಲದ ರೋಗಿಯು ಛತ್ರಿಯನ್ನೂ ಪಾದರಕ್ಷೆಯನ್ನೂ ಬಿಟ್ಟು, ಭಿಕ್ಷಾನ್ನವನ್ನುಂಡು, ಒಂದೊಂದು ಗ್ರಾಮದಲ್ಲಿ ಒಂದೊಂದೇ ರಾತ್ರಿ ತಂಗುತ್ತ ನೂರು ಯೋಜನಕ್ಕೂ ಹೆಚ್ಚು ನಡೆಯಬೇಕು; ಇಲ್ಲವೆ ಬಾವಿಯನ್ನು ಅಗೆಯಬೇಕು ಎಂದು ಅವನು ವಿಧಿಸಿರುವನು. ನಡೆಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ತಾವಾಗಿಯೇ ಎಳೆದುಕೊಳ್ಳುವುವೆಂದು ಇಂದಿನ ಶಾಸ್ತ್ರವು ಹೇಳುವುದರಿಂದ, ಉಪದೇಶದ ಸಾರವು ಸರಿಯಾಗಿಯೇ ಇದೆ. ಪಾದರಕ್ಷೆಯನ್ನು ಬಿಡುವುದೊಂದನ್ನು ಮಾತ್ರ ನಾವು ಅನುಸರಿಸಬಾರದು. ಏಕೆಂದರೆ ಕಾಲಿನ ನರಗಳು ಜಡವಾದವರಿಗೆ ಮುಳ್ಳು ಚುಚ್ಚಿದರೂ ತಿಳಿಯದು. ಬಿಸಿಲಿನ ಹೊತ್ತು ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿ ಬೊಕ್ಕೆ ಎಬ್ಬಿಸಿಕೊಂಡವರನ್ನು ನಾವು ಕಂಡಿರುವೆವು. ವೈದ್ಯರ ಸಲಹೆಯು ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ. ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೂ ಗುಣವು ಕಾಣುವುದು.

ಇಷ್ಟೆಲ್ಲವೂ ಪುಸ್ತಕದಲ್ಲಿ ಸಿಕ್ಕೀತು. ಆದರೆ ಆರು ವಾರಗಳಾಗುತ್ತಲೇ ಸಂಕಲ್ಪವು ಸಡಿಲವಾಗುವುದನ್ನು ಪುಸ್ತಕವು ತಡೆಯಲಾರದು. ನಮ್ಮನ್ನು ತಡೆದವರು ಕೆರೆಯ ಏರಿಯ ಸಂಗಡಿಗರು. ಬೆಳಿಗ್ಗೆ ಅಲ್ಲಿ ನಡೆಯುವವರಲ್ಲಿ ಐದು ಜನರು ಇದೇ ರೋಗದವರೆಂದು ಕ್ರಮೇಣ ತಿಳಿಯಿತು: ಅಂಚೆಯ ಕೆಲಸದಿಂದ ನಿವೃತ್ತರಾದವರೊಬ್ಬರು, ದರ್ಜಿಯೊಬ್ಬರು, ಹಿಟ್ಟಿನ ಗಿರಣಿಯನ್ನು ನಡೆಸುವ ತಾಯಿಯೊಬ್ಬರು, ಆಟೋ ಓಡಿಸುವ ತರುಣನೊಬ್ಬನು, ಮತ್ತು ನಾವು. ಪ್ರತಿ ಶುಕ್ರವಾರ ನಡಿಗೆಯಾದ ಮೇಲೆ ಅರಳಿಕಟ್ಟೆಯ ಮೇಲೆ ಕುಳಿತು, ಅವರವರ ಸಕ್ಕರೆಯನ್ನು ಬರೆದ ಪುಸ್ತಕವನ್ನು ಓದುವುದು ವಾಡಿಕೆಯಾಯಿತು. ನಮ್ಮ ನಿಯಮಗಳು ಮೂರೇ. ಸುಳ್ಳು ಬರೆಯಕೂಡದು, ಮತ್ತೊಬ್ಬರನ್ನು ನೋಡಿ ನಗಕೂಡದು, ಒಬ್ಬರು ಇನ್ನೊಬ್ಬರಿಗೆ ಔಷಧವನ್ನು ಹೇಳಕೂಡದು. ಮೂರನೆಯ ನಿಯಮವನ್ನು ಮಾಡಿದವರು ದರ್ಜಿಗಳು. ಅವರು ಯಾರದೋ ಮಾತನ್ನು ನಂಬಿ ಮಾತ್ರೆಯನ್ನು ಬಿಟ್ಟು ಒಂದು ವರ್ಷ ಕಷಾಯವನ್ನು ಕುಡಿದು, ಕಾಲಿನ ಹುಣ್ಣು ಮಾಗದೆ ಎರಡು ಬೆರಳುಗಳನ್ನು ಕಳೆದುಕೊಂಡವರು. ಅವರ ಮಾತಿನಂತೆ ನಾವೆಲ್ಲರೂ ಈಗ ರಾತ್ರಿ ಮಲಗುವ ಮೊದಲು ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುವೆವು. ವರ್ಷಕ್ಕೊಮ್ಮೆ ಕಣ್ಣನ್ನೂ ಮೂತ್ರಪಿಂಡವನ್ನೂ ಪರೀಕ್ಷೆ ಮಾಡಿಸುವೆವು.

ಆಟೋ ಓಡಿಸುವ ತರುಣನಿಂದ ಕಲಿತದ್ದು ಬೇರೊಂದು ಪಾಠ. ಅವನು ಇನ್ಸುಲಿನ್ ಚುಚ್ಚಿಕೊಂಡು, ಬಾಡಿಗೆಯ ಆತುರದಲ್ಲಿ ಊಟವನ್ನು ಬಿಟ್ಟು, ಒಂದು ಮಧ್ಯಾಹ್ನ ಕೈ ನಡುಗಿ, ಬೆವತು, ದಾರಿ ತೋಚದೆ ಗಾಡಿಯನ್ನು ನಿಲ್ಲಿಸಿಬಿಟ್ಟಿದ್ದನು. ಸಕ್ಕರೆಯು 70ಕ್ಕಿಂತ ಕೆಳಗಿಳಿದರೆ ಹೀಗಾಗುವುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಕಾಲು ಗಂಟೆಯಾದ ಮೇಲೆ ಮತ್ತೆ ಪರೀಕ್ಷಿಸಿ, ಬಳಿಕ ಊಟ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಸಕ್ಕರೆಯ ವೈರಿಗಳಾದ ನಾವು ಐವರೂ ಜೇಬಿನಲ್ಲಿಯೋ ಸೆರಗಿನಲ್ಲಿಯೋ ಸಕ್ಕರೆಯ ಪೊಟ್ಟಣವನ್ನು ಇಟ್ಟುಕೊಂಡೇ ನಡೆಯುವುದು ಇದಕ್ಕಾಗಿಯೇ.

ಕಳೆದ ವೈಶಾಖದಲ್ಲಿ ಬಂಧುಗಳ ಮದುವೆಯಲ್ಲಿ ನಾವು ಮೂರು ಹೋಳಿಗೆಗಳನ್ನು ತುಪ್ಪದೊಡನೆ ತಿಂದೆವು. ಅಂದು ಸಾಯಂಕಾಲ ಸಕ್ಕರೆಯು 268. ಆ ಪುಟವನ್ನು ಖಾಲಿ ಬಿಡೋಣವೆನಿಸಿತು, ಅಮರಕೋಶದೊಳಗಿನ ಚೀಟಿಯ ನೆನಪಾಯಿತು, ಬರೆದೆವು. ಶುಕ್ರವಾರ ಅದನ್ನು ಓದುವಾಗ ಧ್ವನಿ ತಗ್ಗಿತು. ಯಾರೂ ನಗಲಿಲ್ಲ. ಗಿರಣಿಯ ತಾಯಿಯು, “ಬರೆದಿರಲ್ಲ ಮೇಷ್ಟ್ರೇ, ಅಷ್ಟು ಸಾಕು. ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ” ಎಂದರು. ನಾವು ಅಷ್ಟು ವರ್ಷ ಎಷ್ಟೋ ಹುಡುಗರ ತಪ್ಪುಗಳನ್ನು ಕೆಂಪು ಮಸಿಯಿಂದ ಗುರುತು ಹಾಕಿದವರು. ತಪ್ಪನ್ನು ಹೀಗೆಯೂ ತಿದ್ದಬಹುದೆಂದು ಅಂದು ಕಲಿತೆವು.

ಈಗ ನಮ್ಮ ಎಚ್‌ಬಿಎ1ಸಿ 6.9. ಮಾತ್ರೆಯು ನಿಂತಿಲ್ಲ, ನಿಲ್ಲಬೇಕೆಂಬ ಹಟವೂ ಇಲ್ಲ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೋಗವು ಗೊತ್ತಾಗಿ 6 ವರ್ಷ ಮೀರದ ಸ್ಥೂಲಕಾಯರು ನಿಗಾವಣೆಯಲ್ಲಿ ಆಹಾರವನ್ನು ಬಹಳ ಮಿತಗೊಳಿಸಿ ತೂಕವನ್ನಿಳಿಸಲು, ವರ್ಷಾಂತ್ಯಕ್ಕೆ ಶೇಕಡ 46 ಮಂದಿಯ ಸಕ್ಕರೆಯು ಔಷಧವಿಲ್ಲದೆಯೇ ರೋಗದ ಮೇರೆಯಿಂದ ಕೆಳಗಿಳಿಯಿತು. ಆದುದರಿಂದ ಹೊಸದಾಗಿ ಚೀಟಿಯನ್ನು ಕಂಡವರು ಎದೆಗುಂದಬೇಕಾಗಿಲ್ಲ. ಮೊದಲ ವರ್ಷಗಳೇ ಬಹು ಬೆಲೆಯುಳ್ಳವು. ವಾಚಕರಲ್ಲಿ ಯಾರಾದರೂ ಅಂತಹ ಚೀಟಿಯನ್ನು ಪುಸ್ತಕದೊಳಗೆ ಬಚ್ಚಿಟ್ಟಿದ್ದರೆ, ಇಂದು ರಾತ್ರಿಯ ಊಟಕ್ಕೆ ಮೊದಲೇ ಅದನ್ನು ಹೊರತೆಗೆದು ಮನೆಯವರ ಕೈಗೆ ಕೊಡಿರಿ. ನಾಳೆ ಬೆಳಿಗ್ಗೆ ನಡೆಯಲು ಒಬ್ಬ ಸಂಗಡಿಗರನ್ನು ಹುಡುಕಿಕೊಳ್ಳಿರಿ. ಉಳಿದ ಪಥ್ಯವು ಇವೆರಡರ ಹಿಂದೆ ತಾನಾಗಿಯೇ ಬರುವುದು.