ಕೆಂಬೂತದ ದನಿ ಕೇಳುತ್ತದೆ, ಸೂರಕ್ಕಿಯದಿಲ್ಲ

“ಹಕ್ಕಿ ಯಾಕ ಸುಮ್ಮ ಕುಂತಾವು?” ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮದಲ್ಲಿ ದೊಡ್ಡಪ್ಪ ಹೀಗೆ ಕೇಳಿದಾಗ ತಲೆಯ ಮೇಲಿನ ಕೊಂಬೆಯಲ್ಲೇ ಸೂರಕ್ಕಿ ಒಂದೇ ಸಮನೆ ಉಲಿಯುತ್ತಿತ್ತು. ತುಸು ಹೊತ್ತಿಗೆ ಪೊದೆಯೊಳಗಿಂದ ಕೆಂಬೂತ ‘ಊಪ್ ಊಪ್’ ಎಂದಿತು. ದೊಡ್ಡಪ್ಪ ಥಟ್ಟನೆ ಅತ್ತ ತಿರುಗಿದರು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಶ್ರವಣಶಂಖವಿದೆ. ಅದರಲ್ಲಿ ಹುಟ್ಟುವಾಗ ಸುಮಾರು 15,000 ರೋಮಕೋಶಗಳಿರುತ್ತವೆ. ಶಂಖದ ಬುಡದವು ತಾರಸ್ವರಕ್ಕೆ ಮಿಡಿಯುತ್ತವೆ, ತುದಿಯವು ಮಂದ್ರಕ್ಕೆ. ಮುಪ್ಪಿನಲ್ಲಿ ಮೊದಲು ಸವೆಯುವುದು ಬುಡದವು. ಸೂರಕ್ಕಿಯ ದನಿ ಸೆಕೆಂಡಿಗೆ ಹಲವು ಸಾವಿರ ಕಂಪನಗಳದ್ದು. ಕೆಂಬೂತದ್ದು ಸಾವಿರಕ್ಕೂ ಕೆಳಗಿನದು. ಹಕ್ಕಿಗಳ ಕಿವಿಯಲ್ಲಾದರೆ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ. ಕೋಳಿಮರಿ, ಲಾವಕ್ಕಿಗಳಲ್ಲಿ ಇದನ್ನು ಕಂಡ ವರದಿಗಳು ಬಂದದ್ದು 1988ರಲ್ಲಿ. ನಮ್ಮ ಕಿವಿಗೆ ಆ ಭಾಗ್ಯವಿಲ್ಲ.

ಹಾಗಾದರೆ ದನಿಯನ್ನೇ ಜೋರು ಮಾಡಿದರಾಯಿತಲ್ಲ? ನಾವೂ ಆ ತಪ್ಪು ಮಾಡಿದೆವು. ರೇಡಿಯೊ ದನಿ ಏರಿಸಿದರೆ ದೊಡ್ಡಪ್ಪ ಕಿವಿ ಮುಚ್ಚಿಕೊಂಡರು. ಸವೆದ ಕಿವಿಗೆ ಕೇಳದ ದನಿಗೂ ತಾಳಲಾಗದ ದನಿಗೂ ನಡುವಿನ ಅಂತರ ಬಲು ಕಿರಿದು. ದನಿ ಏರಿಸುವುದಕ್ಕಿಂತ ಮಂದ್ರದ ದನಿಗಳನ್ನು ಆರಿಸುವುದು ಮೇಲು: ಬೆಳವದ ಗುಟುರು, ಮದ್ದಳೆ, ತಂಬೂರಿ. ಆಗ ಫ್ಯಾನು, ಟಿವಿ ನಿಲ್ಲಿಸಿಬಿಡಬೇಕು. ತಂಬೂರಿಯನ್ನು ಅವರ ಕೈಗೇ ಕೊಟ್ಟರೆ ಬುರುಡೆಯ ಕಂಪನ ಮೈಗೂ ತಾಕುತ್ತದೆ. ಮುಂಡಗೋಡದಲ್ಲಂತೂ 1966ರಿಂದ ಟಿಬೆಟನ್ನರ ನೆಲೆಯಿದೆ. ಟಿಬೆಟನ್ ಮಠಗಳ ಉದ್ದನೆಯ ಕಹಳೆಯ ದನಿ ಎಷ್ಟು ಮಂದ್ರವೆಂದರೆ, ಹತ್ತಿರ ನಿಂತವರಿಗೆ ಎದೆಯಲ್ಲೇ ಅದುರಿದಂತಾಗುತ್ತದೆ.

ಇದಕ್ಕೆಲ್ಲ ಮೊದಲು ಕಿವಿಯ ಪರೀಕ್ಷೆ ಆಗಲೇಬೇಕು. ಕೆಲವೊಮ್ಮೆ ಗುಗ್ಗೆ ತೆಗೆದರೇ ಅರ್ಧ ತೊಂದರೆ ನೀಗುತ್ತದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ನಿಂತಿದೆ. ಶ್ರವಣಯಂತ್ರ ಕೊಂಡವರು ಕೇಳಬೇಕಾದ ಮಾತೊಂದಿದೆ. ಯಂತ್ರವನ್ನು ಸಾಮಾನ್ಯವಾಗಿ ಹೊಂದಿಸುವುದು ಮಾತಿಗಾಗಿ. ಕೊಳಲಿನ ದೀರ್ಘ ಸ್ವರವನ್ನು ಅದು ತನ್ನದೇ ಸಿಳ್ಳೆಯೆಂದು ತಿಳಿದು ಅಡಗಿಸಿಬಿಡಬಹುದು. ಸಂಗೀತಕ್ಕೆ ಬೇರೆಯೇ ಹೊಂದಿಕೆ ಇದ್ದರೆ ಹಾಕಿಕೊಡಿ ಎಂದು ಶ್ರವಣತಜ್ಞರನ್ನು ಒತ್ತಾಯಿಸಿ. ತಾರಸ್ವರವನ್ನು ಕೆಳಗಿಳಿಸಿ ಕೇಳಿಸುವ ಯಂತ್ರಗಳೂ ಇವೆ. ಆಗ ಸೂರಕ್ಕಿ ಕೇಳಿಸೀತು, ಆದರೆ ಬೇರೆ ದನಿಯಲ್ಲಿ.

ಈಗ ಅತ್ತಿವೇರಿಗೆ ಹೋದರೆ ನಾವು ಬಟಾಬಯಲಿನ ದಂಡೆಯಲ್ಲಿ ಕೂರುವುದಿಲ್ಲ. ಅಲ್ಲಿ ಗಾಳಿಯು ಶ್ರವಣಯಂತ್ರದ ಮೈಕಿಗೆ ಬಡಿದು ಭರ್ರೆನ್ನುತ್ತದೆ. ಮರದ ಮರೆಯಲ್ಲಿ, ಕೆಂಬೂತದ ಪೊದೆಯ ಪಕ್ಕ, ಬೆಳಗಿನ ಏಳರೊಳಗೆ ದೊಡ್ಡಪ್ಪನ ಕುರ್ಚಿ ಹಾಕುತ್ತೇವೆ.