ಹಿಡಿದುಕೊಂಡ ಬೆನ್ನು

‘ಕತ್ತು ಹಿಡಿದುಕೊಂಡಿದೆ’, ‘ಸೊಂಟ ಹಿಡಿದುಕೊಂಡಿದೆ’ ಎನ್ನುತ್ತೇವೆ. ಹಿಡಿಯುವುದು ಯಾವುದು? ಬಹುಮಟ್ಟಿಗೆ ನಮ್ಮದೇ ಸ್ನಾಯುಗಳು.

ಕತ್ತಿನಲ್ಲಿ 7, ಬೆನ್ನಿನಲ್ಲಿ 12, ಸೊಂಟದಲ್ಲಿ 5 - ಈ 24 ಕಶೇರುಗಳು ಒಂದರ ಮೇಲೊಂದು ಅಷ್ಟಿಷ್ಟು ಹೊರಳುವುದರಿಂದಲೇ ನಾವು ಬಾಗುವುದು, ತಿರುಗುವುದು. ಎಲ್ಲಾದರೂ ನೋವಾದರೆ ಸುತ್ತಲಿನ ಸ್ನಾಯುಗಳು ಬಿಗಿದು ಆ ಚಲನೆಯನ್ನು ತಡೆಯುತ್ತವೆ. ಮೊದಲಿಗೆ ಇದು ರಕ್ಷಣೆ. ವಾರಗಟ್ಟಲೆ ಮುಂದುವರಿದರೆ ಅದೇ ತೊಂದರೆ.

ಮುರಿದ ಮೂಳೆಯಂತೆ ನೊಂದ ಬೆನ್ನಿಗೂ ವಿಶ್ರಾಂತಿಯೇ ಮದ್ದೆಂದು ವೈದ್ಯರು ಬಹುಕಾಲ ನಂಬಿದ್ದರು. 1986ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಡೇಯೊ ಮತ್ತು ಸಂಗಡಿಗರು 203 ಬೆನ್ನುನೋವಿನ ರೋಗಿಗಳಲ್ಲಿ ಕೆಲವರಿಗೆ 2 ದಿನ, ಉಳಿದವರಿಗೆ 7 ದಿನ ಮಲಗಿರಲು ಹೇಳಿದರು. ಗುಣವಾಗುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 7 ದಿನದವರಿಗೆ ಕೆಲಸದ ದಿನಗಳು ಮಾತ್ರ ಹೆಚ್ಚು ತಪ್ಪಿದವು. 1995ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಹೆಲ್ಸಿಂಕಿ ನಗರದ ನೌಕರರಲ್ಲಿ ಮಲಗಿದವರಿಗಿಂತಲೂ, ಬೆನ್ನಿನ ವ್ಯಾಯಾಮ ಮಾಡಿದವರಿಗಿಂತಲೂ, ನೋವು ತಾಳುವಷ್ಟರಮಟ್ಟಿಗೆ ದಿನನಿತ್ಯದ ಕೆಲಸ ನಡೆಸಿದವರೇ ಬೇಗ ಚೇತರಿಸಿಕೊಂಡರು.

ಬೆನ್ನುನೋವಿನ ಜೊತೆಗೆ ಜ್ವರ ಬಂದರೆ, ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಳಿದವರು ಹಾಸಿಗೆ ಹಿಡಿಯಬೇಕಾಗಿಲ್ಲ. ಮೆಲ್ಲನೆ ಎದ್ದು ನಡೆದಾಡಿದರೆ, ಬೆನ್ನನ್ನು ಹಿಡಿದದ್ದು ಸಾಮಾನ್ಯವಾಗಿ ತಾನೇ ಬಿಡುತ್ತದೆ.