ಥರ್ಮೋಕೋಲ್: ಹಗುರವೇ ಗುಣ, ಹಗುರವೇ ಕಂಟಕ

ಕಾಸರಗೋಡು: ಬೆಳಗ್ಗೆ ಮನೆ ಮುಂದೆ ಹಾರ್ನ್ ಹೊಡೆಯುವ ಮೀನಿನವರ ಬೈಕ್. ಹಿಂದೆ ಕಟ್ಟಿದ ಬಿಳಿ ಪೆಟ್ಟಿಗೆ. ಬಿಸಿಲೇರಿದರೂ ಒಳಗಿನ ಬಂಗುಡೆ, ಬೂತಾಯಿ ತಣ್ಣಗೇ ಇರ್ತದೆ. ಪೆಟ್ಟಿಗೆಯೇ ತಂಪು ಕೊಡ್ತದೆ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ತಂಪು ಕೊಡುವುದು ಐಸ್. ಹೊರಗಿನ ಬಿಸಿ ಬೇಗ ಒಳಗೆ ಹೋಗದಂತೆ ತಡೆಯುವುದಷ್ಟೇ ಪೆಟ್ಟಿಗೆಯ ಕೆಲಸ.

ಗುಟ್ಟು ಇರುವುದು ಗಾಳಿಯಲ್ಲಿ. ಥರ್ಮೋಕೋಲಿನ ಗಾತ್ರದಲ್ಲಿ ಸುಮಾರು ಶೇ. 98 ಭಾಗ ಗಾಳಿ, ಉಳಿದ ಶೇ. 2 ಮಾತ್ರ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಪೆಂಟೇನ್ ಸೇರಿಸಿದ ಸಣ್ಣ ಮಣಿಗಳಿಗೆ ಹಬೆ ಕೊಟ್ಟರೆ ಭತ್ತದ ಅರಳಿನಂತೆ ಉಬ್ಬುತ್ತವೆ. ಅಚ್ಚಿನಲ್ಲಿ ತುಂಬಿ ಮತ್ತೆ ಹಬೆ ಹಾಯಿಸಿದರೆ ಒಂದಕ್ಕೊಂದು ಅಂಟಿ ಪೆಟ್ಟಿಗೆಯೋ ಹಲಗೆಯೋ ಆಗುತ್ತದೆ. ಮಣಿಯೊಳಗೆ ಸಿಕ್ಕಿಬಿದ್ದ ಗಾಳಿ ಅಲುಗಾಡುವುದಿಲ್ಲ, ಬಿಸಿ ಸುಲಭದಲ್ಲಿ ದಾಟುವುದಿಲ್ಲ. ಪೆಟ್ಟು ಬಿದ್ದರೆ ತಾನು ತಗ್ಗಿ ಒಳಗಿನ ವಸ್ತುವನ್ನು ಉಳಿಸುತ್ತದೆ. ಟಿವಿ, ಫ್ರಿಜ್ಜಿನ ಪ್ಯಾಕಿಂಗಿಗೆ ಇದನ್ನೇ ಬಳಸುವುದು ಅದಕ್ಕೇ.

ಆದರೆ ಪೆಟ್ರೋಲ್, ಥಿನ್ನರ್ ತಾಗಿದರೆ ಸಾಕು, ಕರಗಿ ಹೋಗುತ್ತದೆ. ವಿಜ್ಞಾನ ಮೇಳಕ್ಕೆ ಮಾದರಿ ಮಾಡುವ ಮಕ್ಕಳು ಸ್ಪ್ರೇ ಪೈಂಟ್ ಹೊಡೆದು ಹೊಂಡ ಬಿದ್ದಾಗ ಅಳುವುದುಂಟು. ಫೆವಿಕಾಲಿನಂಥ ಬಿಳಿ ಅಂಟು, ನೀರಿನ ಬಣ್ಣ ಬಳಸಿದರೆ ಈ ತೊಂದರೆ ಇಲ್ಲ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮೆತ್ತಗಾಗುವುದರಿಂದ ಕುದಿಯುವ ಎಣ್ಣೆ, ದೀಪದ ಹತ್ತಿರ ಇಡಲೇಬಾರದು.

ದೊಡ್ಡ ಸಮಸ್ಯೆ ಕೆಲಸ ಮುಗಿದ ಮೇಲೆ ಶುರು. ಇದು ಮಣ್ಣಲ್ಲಿ ಕೊಳೆಯದು. ಪುಡಿಯಾದ ಮಣಿಗಳು ಮಳೆನೀರಲ್ಲಿ ತೋಡು ಸೇರಿ, ಚಂದ್ರಗಿರಿ ಹೊಳೆ ಹಾದು ಕಡಲು ಮುಟ್ಟುತ್ತವೆ. ಮೀನನ್ನು ಕಾಯ್ದ ಪೆಟ್ಟಿಗೆಯ ಚೂರನ್ನೇ ಮೀನು ಆಹಾರವೆಂದು ನುಂಗುತ್ತದೆ! ಅಂಗಳದಲ್ಲಿ ಸುಟ್ಟರೆ ಕಪ್ಪು ಹೊಗೆಯ ಜತೆ ಕಾರ್ಬನ್ ಮೊನಾಕ್ಸೈಡ್, ಸ್ಟೈರೀನ್‌ನಂಥ ವಿಷಾನಿಲ. ಅದನ್ನು ಮೊದಲು ಉಸಿರಾಡುವವರು ಮನೆಯ ಮಕ್ಕಳು, ಅಜ್ಜ-ಅಜ್ಜಿ.

ಕೇರಳದಲ್ಲಿ 2020ರ ಜನವರಿ 1ರಿಂದ ಥರ್ಮೋಕೋಲಿನ ತಟ್ಟೆ, ಲೋಟ, ಅಲಂಕಾರ ಸಾಮಗ್ರಿಗಳಿಗೆ ನಿಷೇಧವಿದೆ. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ಕೇಂದ್ರವೂ 2022ರ ಜುಲೈ 1ರಿಂದ ದೇಶದೆಲ್ಲೆಡೆ ನಿಷೇಧಿಸಿತು. ಮದುವೆ ಊಟಕ್ಕೆ ನಮ್ಮ ತೋಟದ ಹಾಳೆ ತಟ್ಟೆ, ಮಂಟಪಕ್ಕೆ ಮಾವಿನೆಲೆ, ತೆಂಗಿನ ಗರಿ ಇರುವಾಗ ಚಿಂತೆ ಯಾಕೆ?

ಪ್ಯಾಕಿಂಗಿನಲ್ಲಿ ಬಂದದ್ದನ್ನು ಮಾತ್ರ ತಪ್ಪಿಸಲಾಗದು. ಅದನ್ನು ಒಡೆಯದೆ, ಒದ್ದೆ ಮಾಡದೆ ತೆಗೆದಿಡಿ. ಹರಿತ ಕರ್ಮ ಸೇನೆಯವರು ಬಂದಾಗ ಕೊಡಿ. ಬೆಂಕಿಗೆ ಮಾತ್ರ ಹಾಕಬೇಡಿ.